ಜನ ನಿಜವಾಗಿ ವಿಷಯ ನೋಡಿ ವೋಟು ಹಾಕುತ್ತಾರಾ?

ಹಾಕುತ್ತಾರೆ, ಆದರೆ ನಾವು ಅಂದುಕೊಂಡ ಹಾಗಲ್ಲ. ಪ್ರಣಾಳಿಕೆ ಪೂರ್ತಿ ಓದಿ, ಒಂದೊಂದು ವಿಷಯಕ್ಕೂ ಅಂಕ ಕೊಟ್ಟು ಕೂಡಿಸಿ ನೋಡುವವರು ತೀರಾ ಕಡಿಮೆ (ನಾನೂ ಪೂರ್ತಿ ಓದಿಲ್ಲ ಬಿಡಿ). ಹೆಚ್ಚಿನವರ ತಲೆಯಲ್ಲಿ ಆ ಹೊತ್ತಿಗೆ ಒಂದೋ ಎರಡೋ ವಿಷಯ ಇರುತ್ತದೆ: ಕೆಲಸ, ಬೆಲೆ ಏರಿಕೆ, ಭದ್ರತೆ, ಇಂಥವು. ಹಾಗಾಗಿ ಯಾರ ನಿಲುವು ಸರಿ ಅನ್ನೋದಕ್ಕಿಂತ ಚುನಾವಣೆ ಯಾವ ವಿಷಯದ ಮೇಲೆ ನಡೆಯುತ್ತಿದೆ ಅನ್ನೋದೇ ಎಷ್ಟೋ ಸಲ ಜಾಸ್ತಿ ಮುಖ್ಯ.

ಬ್ರಿಟನ್ನಿನ 1945ರ ಚುನಾವಣೆ ನೋಡಿ. ಯುರೋಪಿನಲ್ಲಿ ಯುದ್ಧ ಗೆದ್ದು ಎರಡೇ ತಿಂಗಳಾಗಿತ್ತು, ಪ್ರಧಾನಿ ಚರ್ಚಿಲ್ ಮೇಲೆ ಜನಕ್ಕೆ ಅಭಿಮಾನವೂ ಇತ್ತು, ಆದರೂ ಅವರ ಪಕ್ಷ ಹೀನಾಯವಾಗಿ ಸೋತಿತು, ಯಾಕೆಂದರೆ ಮತದಾರರ ಕಣ್ಣು ಆಗಲೇ ಮನೆ, ಕೆಲಸ, ಆರೋಗ್ಯ ಸೇವೆಯ ಕಡೆ ಹೊರಳಿತ್ತು, ಅದನ್ನೆಲ್ಲ ಲೇಬರ್ ಪಕ್ಷವೇ ಮಾಡೀತು ಅನ್ನಿಸಿತ್ತು. ಯುದ್ಧ ಗೆದ್ದದ್ದು ಹಳೇ ಲೆಕ್ಕ.

ಇನ್ನೊಂದು ದಾರಿ ಹಿಂದಿರುಗಿ ನೋಡುವುದು. 1980ರ ಅಧ್ಯಕ್ಷ ಚುನಾವಣೆಯ ಚರ್ಚೆಯಲ್ಲಿ ಅಭ್ಯರ್ಥಿ ರೇಗನ್ ಅಮೆರಿಕದ ಜನರನ್ನು ಕೇಳಿದ್ದು ಇಷ್ಟೇ: ನಾಲ್ಕು ವರ್ಷದ ಹಿಂದಿಗಿಂತ ಈಗ ಚೆನ್ನಾಗಿದ್ದೀರಾ? ಆಗ ಹಣದುಬ್ಬರ ಶೇ. 10 ದಾಟಿತ್ತು. ಆಮೇಲೆ ನೀತಿ ಗೀತಿ ಯಾರಿಗೆ ಬೇಕು! ಅಧಿಕಾರದಲ್ಲಿದ್ದ ಅಧ್ಯಕ್ಷ ಕಾರ್ಟರ್ 50ರಲ್ಲಿ 44 ರಾಜ್ಯ ಕಳೆದುಕೊಂಡರು.

ಆದರೆ ಇದು ಉಲ್ಟಾನೂ ನಡೆಯುತ್ತದೆ. ಎಷ್ಟೋ ಜನ ಮೊದಲು ಪಕ್ಷ ಆರಿಸಿಕೊಂಡಿರುತ್ತಾರೆ, ಆಮೇಲೆ ಆ ಪಕ್ಷ ಹೇಳಿದ್ದನ್ನೇ ತಮ್ಮ ಅಭಿಪ್ರಾಯ ಮಾಡಿಕೊಳ್ಳುತ್ತಾರೆ. ಅದೇ ಆರ್ಥಿಕತೆ, ತಮ್ಮವರು ಗೆದ್ದ ಮಾರನೇ ದಿನವೇ ಸುಧಾರಿಸಿದ ಹಾಗೆ ಕಾಣುತ್ತದೆ ಅಲ್ವಾ?