ನೇಪಾಳದವರೆಲ್ಲ ಜಿಮ್‌ಗೆ ಹೋಗ್ತಾರಾ?

ತುಮಕೂರಿನ ಓದುಗರೊಬ್ಬರು ಕೇಳಿದ್ದಾರೆ: "ಮೈಗೆ ಸಾಕಷ್ಟು ಶ್ರಮ ಕೊಡದ ವಯಸ್ಕರು ಭಾರತದಲ್ಲಿ ಶೇ. 49.4, ನೇಪಾಳದಲ್ಲಿ ಬರೀ ಶೇ. 13.4 ಎಂದು ಬರೆದಿದ್ದೀರಿ. ನಾವು ಅಷ್ಟು ಸೋಮಾರಿಗಳಾ? ಅವರೆಲ್ಲ ಜಿಮ್‌ಗೆ ಹೋಗ್ತಾರಾ?"

ಮೊದಲು ನಮ್ಮ ತಪ್ಪು ಒಪ್ಪಿಕೊಳ್ಳುತ್ತೇನೆ. ಆ ಎರಡು ಅಂಕಿಗಳನ್ನು ಅಕ್ಕಪಕ್ಕ ಇಡಬಾರದಿತ್ತು. ನೇಪಾಳದ್ದು 2016ರ ಅಂದಾಜು, ನಮ್ಮದು 2022ರದು. ಎರಡೂ 'ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್' ಎಂಬ ವೈದ್ಯಕೀಯ ಪತ್ರಿಕೆಯಲ್ಲೇ ಬಂದವು, ಒಂದು 2018ರಲ್ಲಿ, ಇನ್ನೊಂದು 2024ರಲ್ಲಿ. 2016ರ ಲೆಕ್ಕದಲ್ಲಿ ಭಾರತ ಶೇ. 34. ಅಂತರ ಸಾಕಷ್ಟು ತಗ್ಗಿತು, ಆದರೂ ದೊಡ್ಡದೇ.

ಇನ್ನು ಜಿಮ್ ವಿಚಾರ. ವಾರಕ್ಕೆ 150 ನಿಮಿಷ ಸಾಧಾರಣ ಶ್ರಮ, ಇಲ್ಲವೇ 75 ನಿಮಿಷ ಜೋರು ಶ್ರಮ, ಇದು ವಿಶ್ವ ಆರೋಗ್ಯ ಸಂಸ್ಥೆಯ ಅಳತೆ. ಅವರ ಪ್ರಶ್ನಾವಳಿ ಮೊದಲು ಕೇಳುವುದು ಕೆಲಸದ ಬಗ್ಗೆ. ಆಮೇಲೆ ಓಡಾಟ. ಆಟ, ವ್ಯಾಯಾಮ ಕೊನೆಗೆ. ಮನೆಗೆಲಸವೂ ಕೆಲಸವೇ. ಬೆನ್ನಿಗೆ ಡೋಕೋ ಬುಟ್ಟಿ, ಅದರ ಪಟ್ಟಿ ಹಣೆಗೆ ಕೊಟ್ಟು ಹುಲ್ಲು ಹೊತ್ತು ಗುಡ್ಡ ಹತ್ತುವ ನೇಪಾಳದ ಹೆಂಗಸು ವಾರದ ಲೆಕ್ಕವನ್ನು ಒಂದೆರಡು ದಿನದಲ್ಲೇ ಚುಕ್ತಾ ಮಾಡಿರುತ್ತಾಳೆ. ಅವಳಿಗೆ ಅದು ಫಿಟ್‌ನೆಸ್ ಅಲ್ಲ, ಎಮ್ಮೆಗೆ ಮೇವು. ಈ ಅಂಕಿಗಳನ್ನು ಪದಕಪಟ್ಟಿ ಥರ ಓದುವುದು ನನಗಂತೂ ಸರಿ ಕಾಣುವುದಿಲ್ಲ.

ನಮ್ಮ ಕಚೇರಿಯ ನೆಲ ಒರೆಸುವ ಅಕ್ಕನನ್ನು ಸುಮ್ನೆ ಕೇಳಿದೆ, "ವ್ಯಾಯಾಮ ಮಾಡ್ತೀರಾ?" ನಕ್ಕುಬಿಟ್ಟರು. "ಟೈಮ್ ಎಲ್ಲಿದೆ ಸಾರ್?" ಲಿಫ್ಟ್ ಕೆಟ್ಟಿದ್ದ ಆ ವಾರ ಅವರು ಮೂರು ಮಹಡಿಗೂ ನೀರಿನ ಬಕೆಟ್ ಹೊತ್ತಿದ್ದರು! ವ್ಯಾಯಾಮ ಅಂದರೆ ಸೊನ್ನೆ, ಕೆಲಸ ಅಂದರೆ ಬೇಕಾದಷ್ಟು. ಜನ ನೆನಪಿಸಿಕೊಂಡು ಹೇಳಿದ್ದೇ ಈ ಸಮೀಕ್ಷೆಗಳಿಗೆ ಆಧಾರ. ಬಿಡಿಸಿ ಕೇಳದಿದ್ದರೆ ಈ ಅಕ್ಕನೂ 'ಚಟುವಟಿಕೆ ಸಾಲದು' ಎಂಬ ಗುಂಪಿಗೇ ಸೇರುತ್ತಾರೆ, ಅಲ್ವಾ?

ಹಾಗಂತ ನಮ್ಮ ಅಂಕಿ ಸುಳ್ಳು ಅನ್ನುತ್ತಿಲ್ಲ. 2024ರ ಅದೇ ವರದಿಯ ಪ್ರಕಾರ 2000ದಲ್ಲಿ ನಾವು ಶೇ. 22.3 ಇದ್ದೆವು. 2022ರಲ್ಲಿ ಗಂಡಸರಲ್ಲಿ ಶೇ. 42, ಹೆಂಗಸರಲ್ಲಿ ಶೇ. 57. ಒರಳಿನ ಜಾಗಕ್ಕೆ ಗ್ರೈಂಡರ್ ಬಂತು, ಬಾವಿಯ ಜಾಗಕ್ಕೆ ನಲ್ಲಿ. ಒಳ್ಳೆಯದೇ ಆಯಿತು. ಉಳಿದ ಹೊತ್ತಲ್ಲಿ ನಾಲ್ಕು ಹೆಜ್ಜೆ ನಡೆಯೋಣ ಅಂದರೆ ಫುಟ್‌ಪಾತ್ ಮೇಲೆ ಬೈಕ್ ನಿಂತಿರುತ್ತದೆ. ಸಂಜೆ ಏಳರ ಮೇಲೆ ಒಬ್ಬಳೇ ವಾಕಿಂಗ್ ಹೊರಟ ಸೊಸೆಗೆ ಮನೆಯಲ್ಲಿ ಎಷ್ಟು ಪ್ರಶ್ನೆ! ಇದನ್ನು ಸೋಮಾರಿತನ ಅನ್ನಲು ನನಗೆ ಬಾಯಿ ಬರುವುದಿಲ್ಲ.

ನೇಪಾಳದ ಗುಡ್ಡದೂರುಗಳಿಗೂ ಈಗ ರಸ್ತೆ ಬರುತ್ತಿದೆ, ಜೀಪು ಹತ್ತುತ್ತಿದೆ. ಡೋಕೋ ಕೆಳಗಿಟ್ಟ ಮೇಲೆ ಅಲ್ಲಿನ ಅಂಕಿ ಏನಾಗುತ್ತದೋ ನೋಡಬೇಕು. ಆಗ ಮತ್ತೆ ಹೋಲಿಸುವುದಾದರೆ, ಅಂಕಿಯ ಪಕ್ಕದಲ್ಲೇ ಇಸವಿಯನ್ನೂ ಹಾಕುತ್ತೇವೆ.

— ಸಂಪಾದಕ