ಮಸಾಯಿ ಮಾರಾ ಪ್ರವಾಸ ಕೈಬಿಡಲಾ?

ಕೀನ್ಯಾದ ಮಸಾಯಿ ಮಾರಾ ಅಭಯಾರಣ್ಯದಲ್ಲಿ ಪ್ರವಾಸಿಗರಿಂದ ಪ್ರಾಣಿಗಳಿಗೆ ತೊಂದರೆಯಂತೆ, ಆಗಸ್ಟ್‌ನ ಟಿಕೆಟ್ ಕ್ಯಾನ್ಸಲ್ ಮಾಡಲಾ ಅಂತ ಕೇಳಿದ್ದೀರಿ. 2017ರ ಆಗಸ್ಟ್‌ನಲ್ಲಿ ಅಲ್ಲಿ ತೊಂದರೆ ಕೊಟ್ಟವರಲ್ಲಿ ನಾನೂ ಒಬ್ಬ.

ಮೂರನೇ ದಿನದ ಬೆಳಿಗ್ಗೆ. ಬೆಂಗಳೂರಿನಿಂದ ಬಾಡಿಗೆಗೆ ತಂದ ದೊಡ್ಡ ಲೆನ್ಸ್ ತೊಡೆ ಮೇಲಿತ್ತು. ತಾಯಿ ಚೀತಾ ಮೂರು ಮರಿಗಳನ್ನು ಪೊದೆಯ ಹತ್ತಿರ ಬಿಟ್ಟು, ಹುಲ್ಲಿಗೆ ಹೊಟ್ಟೆ ತಾಗಿಸಿಕೊಂಡು ಒಂದು ಗೆಜೆಲ್ (ಜಿಂಕೆಯಂಥ ಪ್ರಾಣಿ) ಕಡೆ ಹೋಗುತ್ತಿತ್ತು. ಡ್ರೈವರ್ ದಾರಿಯಲ್ಲೇ ನಿಲ್ಲಿಸಿ ಎಂಜಿನ್ ಆಫ್ ಮಾಡಿದ. ಗಾಡಿ ಹುಲ್ಲಿಗೆ ಇಳಿಯುವಂತಿಲ್ಲ, ಒಂದು ಪ್ರಾಣಿಯ ಹತ್ತಿರ ಐದಕ್ಕಿಂತ ಜಾಸ್ತಿ ಗಾಡಿ ಸೇರುವಂತಿಲ್ಲ. ನಿಯಮ ನನಗೂ ಗೊತ್ತಿತ್ತು. ಆದರೂ ‘ಸ್ವಲ್ಪ ಮುಂದೆ’ ಅಂತ ಇಪ್ಪತ್ತು ಡಾಲರ್ ನೋಟು ಚಾಚಿದೆ.

ಇದನ್ನು ಬಿಡಿಸಿ ಹೇಳಬೇಕು. ಅವನು ಬೇಡ ಅನ್ನುವ ಹಾಗಿರಲಿಲ್ಲ. ಅವನ ಮನೆ ನಡೆಯುವುದೇ ಟಿಪ್ಸ್‌ನಿಂದ. ನಾನು ಮುಖ ಊದಿಸಿಕೊಂಡರೆ ಕಂಪನಿಗೆ ದೂರು ಹೋಗುತ್ತೆ ಅನ್ನೋ ಭಯ ಬೇರೆ. ಅದೆಲ್ಲ ಗೊತ್ತಿದ್ದೇ ಚಾಚಿದೆ. ನಮ್ಮ ಗಾಡಿ ಇಳಿದದ್ದು ನೋಡಿ ಇನ್ನೊಂದು ಇಳಿಯಿತು, ಅದರ ಹಿಂದೆ ಮತ್ತೊಂದು. ಹದಿನಾಲ್ಕು ಎಣಿಸಿದೆ. ಗೆಜೆಲ್ ಯಾವಾಗಲೋ ಓಡಿತ್ತು. ತಾಯಿ ಗಾಡಿಗಳ ಆಚೆ, ಮರಿಗಳು ಈಚೆ. ಚೀತಾ ಮರಿ ಹಕ್ಕಿಯ ಹಾಗೆ ಚಿಂವ್ ಚಿಂವ್ ಅನ್ನುತ್ತೆ, ಆವತ್ತೇ ಗೊತ್ತಾಗಿದ್ದು. ರೇಂಜರ್ ಬಂದ. ದಂಡ ಬಿದ್ದದ್ದು ಡ್ರೈವರ್‌ಗೆ. ಹಣ ನಾನೇ ಕೊಟ್ಟೆ ಅನ್ನಿ. ಆದರೆ ಉಳಿದ ಎರಡು ದಿನ ಅವನು ನನ್ನ ಜೊತೆ ಮಾತಾಡಲಿಲ್ಲ.

ಮರುವರ್ಷ ಮಾರಾ ಚೀತಾಗಳ ಮೇಲೆಯೇ ಒಂದು ಅಧ್ಯಯನ ಬಂತು. ಗಾಡಿ ಕಡಿಮೆ ಇರುವ ಕಡೆ ಒಂದು ಸೂಲಿಗೆ ಸರಾಸರಿ 2.3 ಮರಿ ಬದುಕಿ ದೊಡ್ಡದಾದರೆ, ಗಾಡಿ ಗಿಜಿಗುಡುವ ಕಡೆ 0.2. ಹಗಲಲ್ಲೇ ಬೇಟೆಯಾಡುವ ಪ್ರಾಣಿ ಅಲ್ವಾ, ನಾವು ಹೋಗುವುದೂ ಹಗಲಲ್ಲೇ.

ಹಾಗಂತ ಮನೇಲಿ ಕೂತು ಪುಣ್ಯ ಕಟ್ಟಿಕೊಳ್ಳುವ ಯೋಚನೆ ನನಗೆ ಒಪ್ಪಿಗೆಯಿಲ್ಲ. ಅಭಯಾರಣ್ಯದ ಸುತ್ತಲಿನ ಕನ್ಸರ್ವೆನ್ಸಿಗಳು, ಅಂದರೆ ಪ್ರಾಣಿಗಳಿಗಾಗಿ ಬಿಟ್ಟ ಖಾಸಗಿ ಪ್ರದೇಶಗಳು, ಇರುವುದು ಅಲ್ಲಿನ ಮಸಾಯಿ ಜನಾಂಗದ ಕುಟುಂಬಗಳ ಜಮೀನಿನಲ್ಲಿ. ಅವರಿಗೆ ಗುತ್ತಿಗೆ ಹಣ ಹೋಗುವುದು ಪ್ರವಾಸಿಗರ ದುಡ್ಡಿನಿಂದ. 2020ರಲ್ಲಿ ಕೊರೊನಾ ಬಂದು ಅದಕ್ಕೆ ಹೊಡೆತ ಬಿತ್ತು. ಗುತ್ತಿಗೆ ನಿಂತರೆ ಜಮೀನಿಗೆ ಬೇಲಿ ಬೀಳುತ್ತೆ, ಹಿಂಡು ಹಿಂಡಾಗಿ ವಲಸೆ ಹೋಗುವ ದನದಂಥ ಪ್ರಾಣಿ ವೈಲ್ಡ್‌ಬೀಸ್ಟ್ ದಾರಿ ಕಟ್. ಇನ್ನು ಮಾರಾ ನದಿ ಹುಟ್ಟುವ ಮಾವ್ ಕಾಡು ಕರಗಿದ್ದು ಗದ್ದೆ ತೋಟಕ್ಕೆ, ಸೌದೆ ಮರಕ್ಕೆ. ನಿಮ್ಮ ಟಿಕೆಟ್ ಕ್ಯಾನ್ಸಲ್ ಆದರೆ ಅದು ನಿಲ್ಲುತ್ತಾ?

ಬಿಡುವುದಾದರೆ ಆಗಸ್ಟ್ ಬಿಡಿ. ವೈಲ್ಡ್‌ಬೀಸ್ಟ್ ಹಿಂಡು ನದಿ ದಾಟುವುದನ್ನು ನೋಡಲು ಆಗ ದಡದಲ್ಲಿ ಗಾಡಿಗಳ ಜಾತ್ರೆ. ಫೆಬ್ರವರಿಯಲ್ಲಿ ಹೋಗಿ, ಕನ್ಸರ್ವೆನ್ಸಿಯಲ್ಲೇ ಉಳಿಯಿರಿ. ಡ್ರೈವರ್‌ಗೆ ಮೊದಲ ದಿನವೇ ‘ನಾವು ದೂರದಿಂದಲೇ ನೋಡ್ತೀವಿ’ ಅಂತ ಹೇಳಿಬಿಡಿ. ಟಿಪ್ಸ್ ಕೊನೆಯ ದಿನ, ಕವರ್‌ನಲ್ಲಿಟ್ಟು ಕೊಡಿ.