ಸಹಿ ಹಾಕದ ರೋಗಿ, ತುಂಬಿದ ಕಪಾಟು: ಸಣ್ಣ ಕ್ಲಿನಿಕ್ಕಿನ ದಾಖಲೆಗಳ ಬಗ್ಗೆ ನಿಮ್ಮ ಪ್ರಶ್ನೆಗಳು

ಪ್ರಶ್ನೆ: ನಮ್ಮದು ಒಬ್ಬರೇ ಡಾಕ್ಟರ್ ಇರುವ ಕ್ಲಿನಿಕ್. ನಾನು ರಿಸೆಪ್ಷನ್‌ನಲ್ಲಿ ಕೂರುತ್ತೇನೆ. ಹೊಸಬರು ಬಂದರೆ ನಾಲ್ಕು ಪುಟದ ಖಾಸಗಿತನದ ಫಾರಂ ಕೊಟ್ಟು ಸಹಿ ಹಾಕಿಸಿಕೊಳ್ಳುತ್ತೇವೆ. ಮೊನ್ನೆ ವಯಸ್ಸಾದವರೊಬ್ಬರು "ಕನ್ನಡಕ ತಂದಿಲ್ಲ, ಓದದೆ ಸಹಿ ಹಾಕಲ್ಲ" ಅಂದುಬಿಟ್ಟರು. ಸಹಿ ಇಲ್ಲದೆ ಒಳಗೆ ಕಳಿಸಬಹುದಾ? ಪ್ರತಿ ಸಲ ಬಂದಾಗಲೂ ಹೊಸ ಸಹಿ ಬೇಕಾ?

ಉತ್ತರ: ಕಳಿಸಿ. ಅವರು ಆಡಿದ್ದು ಸರಿಯಾದ ಮಾತು. ಓದದೆ ಹಾಕಿದ ಸಹಿಯಿಂದ ಅವರಿಗೂ ಉಪಯೋಗವಿಲ್ಲ, ನಿಮಗೂ ಇಲ್ಲ.

ನೀವು ಒಂದು ಫಾರಂ ಅಂತ ಬರೆದಿದ್ದೀರಿ. ಆ ನಾಲ್ಕು ಪುಟದಲ್ಲಿ ಮೂರು ಬೇರೆ ಬೇರೆ ಕಾಗದ ಒಟ್ಟಿಗೆ ಹೊಲಿದುಕೊಂಡಿರುವ ಹಾಗಿದೆ. ಬಹಳಷ್ಟು ಸಣ್ಣ ಕ್ಲಿನಿಕ್‌ಗಳಲ್ಲಿ ಹೀಗೇ ಆಗಿರುತ್ತದೆ. ಮೊದಲು ಅವನ್ನು ಬಿಡಿಸಿ.

ಮೊದಲನೆಯದು ತಿಳಿವಳಿಕೆ ಪತ್ರ. "ನಿಮ್ಮ ಮಾಹಿತಿಯನ್ನು ನಾವು ಹೀಗೆ ಇಟ್ಟುಕೊಳ್ಳುತ್ತೇವೆ, ಇಂಥವರಿಗೆ ಕೊಡಬೇಕಾಗಬಹುದು, ನಿಮಗೆ ಈ ಹಕ್ಕುಗಳಿವೆ" ಎಂದು ಹೇಳುವ ಕಾಗದ. ಇಲ್ಲಿ ಸಹಿಗೆ ಇರುವ ಅರ್ಥ "ನನಗೆ ತಿಳಿಸಿದ್ದಾರೆ" ಅನ್ನುವುದಷ್ಟೇ. ಎರಡನೆಯದು ಚಿಕಿತ್ಸೆಗೆ ಒಪ್ಪಿಗೆ. ಇಂಜೆಕ್ಷನ್, ಸಣ್ಣ ಆಪರೇಷನ್, ಕೆಲವು ಪರೀಕ್ಷೆಗಳಿಗೆ ಬೇಕಾಗುವುದು ಇದು. ಇದನ್ನು ಡಾಕ್ಟರೇ ಎದುರು ಕೂತು ವಿವರಿಸಬೇಕು. ಮೂರನೆಯದು ಮಾಹಿತಿಯನ್ನು ಹೊರಗಿನವರಿಗೆ ಕೊಡಲು ಅನುಮತಿ. ಕೆಲಸ ಕೊಟ್ಟ ಕಂಪನಿ, ವಕೀಲರು, ಜೀವವಿಮೆಯವರು ಕೇಳಿದಾಗ ಬೇಕಾಗುವ ಕಾಗದ ಇದು.

ನೀವು ಯಾವ ದೇಶದಲ್ಲಿದ್ದೀರಿ ಎಂದು ಬರೆದಿಲ್ಲ. ಹಾಗಾಗಿ ಒಂದೆರಡು ಕಾನೂನುಗಳನ್ನು ಉದಾಹರಣೆಗೆ ಹೇಳುತ್ತೇನೆ. ಅಮೆರಿಕದಲ್ಲಿ 1996ರ ಹಿಪಾ ಎಂಬ ಆರೋಗ್ಯ ವಿಮೆ, ಆರೋಗ್ಯ ಮಾಹಿತಿಯ ಕಾನೂನಿನ ಕೆಳಗೆ ಬಂದ ಖಾಸಗಿತನದ ನಿಯಮ 2003ರಿಂದ ಜಾರಿಯಲ್ಲಿದೆ. ಅಲ್ಲಿ ಮೊದಲ ಭೇಟಿಯ ದಿನವೇ ತಿಳಿವಳಿಕೆ ಪತ್ರ ಕೊಡಬೇಕು. ಅದು ತಲುಪಿತು ಎಂಬುದಕ್ಕೆ ಸಹಿ ಪಡೆಯಲು ಪ್ರಾಮಾಣಿಕವಾಗಿ ಪ್ರಯತ್ನ ಮಾಡಬೇಕು. ರೋಗಿ ಸಹಿ ಹಾಕದಿದ್ದರೆ ಏನು ಪ್ರಯತ್ನ ಮಾಡಿದಿರಿ, ಸಹಿ ಯಾಕೆ ಸಿಗಲಿಲ್ಲ ಎಂದು ಬರೆದಿಟ್ಟರೆ ಸಾಕು. ಸಹಿ ಇಲ್ಲ ಎಂದು ಚಿಕಿತ್ಸೆ ನಿಲ್ಲಿಸಿ ಎಂದು ಆ ನಿಯಮ ಎಲ್ಲೂ ಹೇಳುವುದಿಲ್ಲ. ಯುರೋಪಿನಲ್ಲಿ 2018ರಿಂದ ಜಾರಿಯಲ್ಲಿರುವ ಜಿಡಿಪಿಆರ್ ಎಂಬ ವೈಯಕ್ತಿಕ ಮಾಹಿತಿ ರಕ್ಷಣೆಯ ಕಾನೂನು ಕೂಡ, ಚಿಕಿತ್ಸೆಗೆ ಬೇಕಾದ ಮಾಹಿತಿಯನ್ನು ಬಳಸಲು ಪ್ರತ್ಯೇಕ ಒಪ್ಪಿಗೆಯೇ ಆಧಾರವಾಗಬೇಕು ಎನ್ನುವುದಿಲ್ಲ.

ಆ ಹಿರಿಯರ ಫೈಲಿನಲ್ಲಿ ಅವತ್ತಿನ ತಾರೀಕು ಹಾಕಿ ಹೀಗೆ ಬರೆಯಿರಿ: "ತಿಳಿವಳಿಕೆ ಪತ್ರ ಕೊಡಲಾಗಿದೆ. ಕನ್ನಡಕ ಇಲ್ಲದ ಕಾರಣ ಓದಿಲ್ಲ, ಸಹಿ ಹಾಕಿಲ್ಲ. ಮುಖ್ಯ ವಿಷಯ ಬಾಯಲ್ಲಿ ಹೇಳಲಾಗಿದೆ. ಪತ್ರದ ಒಂದು ಪ್ರತಿಯನ್ನು ಮನೆಗೆ ಕೊಟ್ಟು ಕಳಿಸಲಾಗಿದೆ." ಕೆಳಗೆ ನಿಮ್ಮ ಹೆಸರು. ಅಷ್ಟೇ. ಮುಂದಿನ ಸಲ ಬಂದಾಗ ಓದಿದಿರಾ ಅಂತ ಕೇಳಿ.

ಪ್ರತಿ ಭೇಟಿಗೂ ಹೊಸ ಸಹಿ ಬೇಡ. ತಿಳಿವಳಿಕೆ ಪತ್ರದಲ್ಲಿ ಮುಖ್ಯವಾದ ಬದಲಾವಣೆ ಆದಾಗ ಹೊಸದನ್ನು ಕೊಡಿ. ಇದಕ್ಕಾಗಿ ಪತ್ರದ ಕೆಳಗಿನ ಮೂಲೆಯಲ್ಲಿ ಜಾರಿಯಾದ ತಾರೀಕು ಮುದ್ರಿಸಿರಬೇಕು. ಹಳೇ ನಮೂನೆಯ ಒಂದೊಂದು ಪ್ರತಿಯನ್ನೂ ತೆಗೆದಿಡಿ. ಯಾವ ರೋಗಿಗೆ ಯಾವ ನಮೂನೆ ಕೊಟ್ಟಿರಿ ಎಂದು ಐದು ವರ್ಷದ ನಂತರ ಯಾರಾದರೂ ಕೇಳಿದರೆ ಉತ್ತರ ಕೈಯಲ್ಲಿರುತ್ತದೆ.

ಇನ್ನು ಆ ನಾಲ್ಕು ಪುಟ. ವಕೀಲರು ಬರೆದ ಭಾಷೆ ವಕೀಲರಿಗೇ ಅರ್ಥವಾಗುವುದು. ಹಿಪಾ ನಿಯಮವೇ ಈ ಪತ್ರ ಸರಳ ಭಾಷೆಯಲ್ಲಿರಬೇಕು ಎನ್ನುತ್ತದೆ. ಭಾರತದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಇನ್ನೊಂದು ಹೆಜ್ಜೆ ಮುಂದೆ ಹೋಗಿದೆ. ಒಪ್ಪಿಗೆ ಕೇಳುವ ಪತ್ರವನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೇ ಅನುಸೂಚಿಯ 22 ಭಾಷೆಗಳಲ್ಲಿ ಯಾವುದರಲ್ಲಾದರೂ ಓದುವ ಅವಕಾಶ ಇರಬೇಕು ಎಂದು ಅದು ಹೇಳುತ್ತದೆ. ಕನ್ನಡ ಅದರಲ್ಲಿದೆ. ಹಾಗಾಗಿ ಮೇಲುಗಡೆ ದಪ್ಪ ಅಕ್ಷರದಲ್ಲಿ ಒಂದು ಪುಟದ ಸಾರ ಇಡಿ, ಉಳಿದ ವಿವರ ಹಿಂದೆ ಬರಲಿ. ಆ ಒಂದು ಪುಟ ಕನ್ನಡಕ ಇಲ್ಲದೆಯೂ ಓದುವಷ್ಟು ದೊಡ್ಡದಾಗಿರಲಿ.

ಪ್ರಶ್ನೆ: ಹೆಂಡತಿ ಫೋನ್ ಮಾಡಿ "ನಮ್ಮ ಯಜಮಾನರ ರಿಪೋರ್ಟ್ ಏನು ಬಂತು?" ಅಂತ ಕೇಳುತ್ತಾರೆ. ಮಗ ಬಂದು ಅಮ್ಮನ ಫೈಲು ಕೇಳುತ್ತಾನೆ. ಪರಿಚಯದವರು ಬೇರೆ. ಇಲ್ಲ ಅಂದರೆ ಬೇಜಾರು, ಕೊಟ್ಟರೆ ತಪ್ಪು. ಏನು ಮಾಡಲಿ?

ಉತ್ತರ: ಖಾಸಗಿತನ ನಿಜವಾಗಿ ಉಳಿಯುವುದು ಅಥವಾ ಹೋಗುವುದು ಇಂಥ ಫೋನ್ ಕರೆಗಳಲ್ಲೇ. ಬೀಗ ಹಾಕಿದ ಕಪಾಟು, ಪಾಸ್‌ವರ್ಡ್ ಎಲ್ಲ ಇದ್ದೂ, ಒಂದು ಒಳ್ಳೇ ಮನಸ್ಸಿನ ಉತ್ತರದಿಂದ ಎಲ್ಲ ಹೊರಗೆ ಹೋಗಿಬಿಡುತ್ತದೆ.

ಉತ್ತರವನ್ನು ಫೋನ್ ಬಂದಾಗ ಹುಡುಕಬೇಡಿ. ರೋಗಿ ಮೊದಲ ಸಲ ಬಂದಾಗಲೇ ಕೇಳಿಟ್ಟುಕೊಳ್ಳಿ. ನೋಂದಣಿ ಹಾಳೆಯಲ್ಲಿ ಮೂರು ಸಾಲು ಸೇರಿಸಿ: ನಿಮ್ಮ ಆರೋಗ್ಯದ ವಿಷಯ ಯಾರ ಜೊತೆ ಮಾತಾಡಬಹುದು? ಅವರಿಗೆ ಏನೆಲ್ಲ ಹೇಳಬಹುದು, ಎಲ್ಲವನ್ನೂ ಅಥವಾ ಅಪಾಯಿಂಟ್‌ಮೆಂಟ್ ಸಮಯ ಮಾತ್ರವೇ? ನಿಮಗೆ ಯಾವ ನಂಬರಿಗೆ ಫೋನ್ ಮಾಡಬೇಕು, ಮೆಸೇಜ್ ಬಿಡಬಹುದಾ? ಇದನ್ನು ರೋಗಿ ಒಬ್ಬರೇ ಇದ್ದಾಗ ಕೇಳಿ. ಪಕ್ಕದಲ್ಲಿ ಗಂಡ ನಿಂತಿರುವಾಗ "ಗಂಡನಿಗೆ ಹೇಳಬಹುದಾ?" ಅಂತ ಕೇಳಿದರೆ ಯಾರಾದರೂ ಬೇಡ ಅನ್ನುತ್ತಾರಾ?

ಈ ಉತ್ತರವನ್ನು ಫೈಲಿನ ಒಳಮುಖಪುಟದಲ್ಲಿ ಅಂಟಿಸಿ, ರಟ್ಟಿನ ಹೊರಗೆ ಬೇಡ. ರೋಗಿ ಯಾವಾಗ ಬೇಕಾದರೂ ಇದನ್ನು ಬದಲಾಯಿಸಬಹುದು ಎಂದು ಹೇಳಿ. ವರ್ಷಕ್ಕೊಮ್ಮೆ ನೀವೇ ಕೇಳಿ. ಸಂಸಾರಗಳು ಬದಲಾಗುತ್ತವೆ.

ಆ ಹಾಳೆಯಲ್ಲಿ ಹೆಸರು ಇಲ್ಲದವರು ಫೋನ್ ಮಾಡಿದರೆ ಮಾತು ಹೀಗಿರಲಿ: "ನಿಮ್ಮ ಕಾಳಜಿ ಅರ್ಥವಾಗುತ್ತೆ ಮೇಡಂ. ಯಾರ ಬಗ್ಗೆಯೇ ಆಗಲಿ, ಫೋನಿನಲ್ಲಿ ನಾವು ಏನೂ ಹೇಳುವ ಹಾಗಿಲ್ಲ. ನಿಮ್ಮ ಮನೆಯವರೇ ಒಂದು ಫೋನ್ ಮಾಡಲಿ, ಡಾಕ್ಟರ್ ಮಾತಾಡ್ತಾರೆ." ಇದರಲ್ಲಿ ಒಂದು ಸೂಕ್ಷ್ಮ ಇದೆ. "ಅವರ ರಿಪೋರ್ಟ್ ಕೊಡಲ್ಲ" ಅಂದರೆ ಅವರು ನಿಮ್ಮ ರೋಗಿ ಅನ್ನುವುದನ್ನೇ ಒಪ್ಪಿಕೊಂಡ ಹಾಗಾಯಿತು. ಕೆಲವರಿಗೆ ಅಷ್ಟೇ ಸಾಕು, ದೊಡ್ಡ ತೊಂದರೆಯಾಗಲು. ಮನಸ್ಸಿನ ಕಾಯಿಲೆ, ಎಚ್‌ಐವಿ, ಗರ್ಭದ ವಿಷಯ ಬಂದಾಗ ಇದನ್ನು ಎರಡು ಪಟ್ಟು ನೆನಪಿಡಿ.

ಇನ್ನೊಂದು ಕಡೆಯೂ ಇದೆ. ಕಾನೂನು ಮನೆಯವರ ಬಾಯಿ ಮುಚ್ಚಿಸಲು ಬಂದಿಲ್ಲ. ಮನೆಯವರು ರೋಗಿಯ ಬಗ್ಗೆ ನಿಮಗೆ ಏನಾದರೂ ಹೇಳಿದರೆ ಕೇಳಿಸಿಕೊಳ್ಳುವುದರಲ್ಲಿ ತಪ್ಪಿಲ್ಲ. "ಅವರು ಮಾತ್ರೆ ತಗೋತಿಲ್ಲ" ಅಂತ ಮಗಳು ಹೇಳಿದರೆ ಬರೆದುಕೊಳ್ಳಿ, ಡಾಕ್ಟರಿಗೆ ತಿಳಿಸಿ. ರೋಗಿಯೇ ಹೆಂಡತಿಯನ್ನು ಒಳಗೆ ಕರೆದುಕೊಂಡು ಬಂದರೆ, ಅವರು ಬೇಡ ಎನ್ನದಿದ್ದರೆ, ಇಬ್ಬರ ಎದುರೂ ಮಾತಾಡಬಹುದು. ರೋಗಿಗೆ ಪ್ರಜ್ಞೆ ಇಲ್ಲದಾಗ ಡಾಕ್ಟರ್ ತಮ್ಮ ವಿವೇಚನೆಯಿಂದ ಆರೈಕೆ ಮಾಡುವವರಿಗೆ ಬೇಕಾದಷ್ಟು ಹೇಳುತ್ತಾರೆ. ಆ ನಿರ್ಧಾರ ಡಾಕ್ಟರದ್ದು. ರಿಸೆಪ್ಷನ್‌ನಲ್ಲಿ ಕೂತವರ ಮೇಲೆ ಅದನ್ನು ಹಾಕಬಾರದು.

ಇದೇ ನೆಪದಲ್ಲಿ ನಿಮ್ಮ ಟೇಬಲ್ಲಿನ ಮೇಲಿನ ರಿಜಿಸ್ಟರ್ ಒಮ್ಮೆ ನೋಡಿ. ಹೆಸರು, ಸಮಯ, ಪಕ್ಕದಲ್ಲಿ "ಬಂದ ಕಾರಣ" ಅಂತ ಒಂದು ಕಾಲಂ ಇದೆಯಾ? ಹನ್ನೊಂದನೇ ಸಾಲಿನಲ್ಲಿ ಹೆಸರು ಬರೆಯುವವರು ಮೇಲಿನ ಹತ್ತು ಜನರ ಕಾಯಿಲೆ ಓದಿಯೇ ಪೆನ್ನು ಕೆಳಗಿಡುತ್ತಾರೆ. ಆ ಕಾಲಂ ತೆಗೆದುಹಾಕಿ. ಹೆಸರು ಕೂಗಿ ಕರೆಯುವುದು ಪರವಾಗಿಲ್ಲ, ಹಿಪಾ ಕೂಡ ಅದನ್ನು ಒಪ್ಪುತ್ತದೆ. ಹೆಸರಿನ ಜೊತೆ ಕಾಯಿಲೆ ಕೂಗಬಾರದು ಅಷ್ಟೇ.

ಪ್ರಶ್ನೆ: ರಿಪೋರ್ಟನ್ನು ವಾಟ್ಸ್ಆ್ಯಪ್‌ನಲ್ಲಿ ಕಳಿಸಿ ಅಂತ ರೋಗಿಗಳೇ ಕೇಳುತ್ತಾರೆ. ಕಳಿಸಬಹುದಾ?

ಉತ್ತರ: ಮೊದಲು ನಿಮ್ಮಲ್ಲಿನ ಕಾನೂನು ಅದಕ್ಕೆ ಅವಕಾಶ ಕೊಡುತ್ತದಾ ನೋಡಿ. ಕೊಡುತ್ತದೆ ಎಂದಾದರೆ, ರೋಗಿ ಕೇಳಿದ್ದನ್ನು ಫೈಲಿನಲ್ಲಿ ಬರೆದು, ಕ್ಲಿನಿಕ್ಕಿನ ಫೋನಿನಿಂದ ಮಾತ್ರ ಕಳಿಸಿ. ನಿಮ್ಮ ಸ್ವಂತ ಫೋನಿನಿಂದ ಬೇಡ. ಅಪಾಯ ಜಾಸ್ತಿ ಇರುವುದು ಆ್ಯಪಿನಲ್ಲಿ ಅಲ್ಲ, ಫೋನಿನ ಗ್ಯಾಲರಿಯಲ್ಲಿ. ರಿಪೋರ್ಟಿನ ಫೋಟೋ ಸುಮ್ನೆ ಅಲ್ಲೇ ಉಳಿದು, ತಾನಾಗೇ ಬೇರೆ ಕಡೆ ಬ್ಯಾಕಪ್ ಆಗುತ್ತಿರುತ್ತದೆ. ಕಳಿಸುವ ಮುಂಚೆ ನಂಬರನ್ನು ಫೈಲಿನ ಜೊತೆ ಹೋಲಿಸಿ ನೋಡಿ. ಪಿಡಿಎಫ್‌ಗೆ ಪಾಸ್‌ವರ್ಡ್ ಹಾಕಿ, ಅದನ್ನು ಬಾಯಲ್ಲಿ ಹೇಳಿ.

ಪ್ರಶ್ನೆ: ತಂದೆಯವರು ಕಟ್ಟಿದ ಕ್ಲಿನಿಕ್ಕನ್ನು ಈಗ ನಾನು ನೋಡಿಕೊಳ್ಳುತ್ತಿದ್ದೇನೆ. ಒಂದು ಕೋಣೆ ತುಂಬ ಹಳೇ ಕೇಸ್ ಶೀಟುಗಳು. ಎಲ್ಲವನ್ನೂ ಸ್ಕ್ಯಾನ್ ಮಾಡಿಸಿ ಕಾಗದ ತೆಗೆದುಬಿಡೋಣ ಎಂದಿದ್ದೇನೆ. ಎಷ್ಟು ವರ್ಷ ಇಡಬೇಕು?

ಉತ್ತರ: ಎಲ್ಲರಿಗೂ ಒಪ್ಪುವ ಒಂದು ಸಂಖ್ಯೆ ಇಲ್ಲ ಡಾಕ್ಟರೇ. ಭಾರತದ ವೈದ್ಯಕೀಯ ಮಂಡಳಿಯ 2002ರ ನಿಯಮ ಒಳರೋಗಿಗಳ ದಾಖಲೆಯನ್ನು ಚಿಕಿತ್ಸೆ ಶುರುವಾದ ದಿನದಿಂದ 3 ವರ್ಷ ಇಡಬೇಕು ಎನ್ನುತ್ತದೆ. ಅಮೆರಿಕದಲ್ಲಿ ಚಿಕಿತ್ಸೆಯ ದಾಖಲೆಗೆ ಆಯಾ ರಾಜ್ಯದ ಕಾನೂನು. ಹಿಪಾ ಹೇಳುವ 6 ವರ್ಷದ ಲೆಕ್ಕ ಖಾಸಗಿತನದ ಕಾಗದಪತ್ರಗಳಿಗೆ ಸಂಬಂಧಿಸಿದ್ದು. ಈ ಎರಡನ್ನೂ ಕಲಸಿಕೊಂಡವರು ಬಹಳ ಜನ. ಜಿಡಿಪಿಆರ್ ವರ್ಷವನ್ನೇ ಹೇಳುವುದಿಲ್ಲ, ಬೇಕಾದಷ್ಟು ಕಾಲ ಇಟ್ಟುಕೊಳ್ಳಿ, ಅದಕ್ಕಿಂತ ಜಾಸ್ತಿ ಬೇಡ ಎನ್ನುತ್ತದೆ. ಮಕ್ಕಳ ಫೈಲಿಗೆ ಲೆಕ್ಕವೇ ಬೇರೆ. ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನಲ್ಲಿ ಅವನ್ನು ಸಾಮಾನ್ಯವಾಗಿ 25ನೇ ಹುಟ್ಟುಹಬ್ಬದವರೆಗೆ ಇಡುತ್ತಾರೆ.

ಹಾಗಾಗಿ ಮೊದಲು ಫೈಲುಗಳನ್ನು ವಿಂಗಡಿಸಿ. ಕೊನೆಯ ಭೇಟಿಯ ವರ್ಷದ ಪ್ರಕಾರ ಗುಡ್ಡೆ ಮಾಡಿ. ಮಕ್ಕಳದ್ದು ಬೇರೆ. ದೂರು, ಕೋರ್ಟು ಕೇಸು, ವಿಮೆಯ ತಕರಾರು ಇರುವ ಫೈಲುಗಳನ್ನು ಎತ್ತಿಟ್ಟು ಮೇಲೆ ಕೆಂಪು ಚೀಟಿ ಅಂಟಿಸಿ. ಅವನ್ನು ಯಾವ ಅವಧಿ ಮುಗಿದರೂ ಮುಟ್ಟಬಾರದು. ಈಗಲೂ ಬರುತ್ತಿರುವ ರೋಗಿಗಳ ಹಳೇ ಹಾಳೆಗಳನ್ನೂ ಉಳಿಸಿಕೊಳ್ಳಿ. ಇಪ್ಪತ್ತು ವರ್ಷದ ಹಿಂದೆ ಯಾವ ಔಷಧಿ ಒಗ್ಗಲಿಲ್ಲ ಎಂದು ನಿಮ್ಮ ತಂದೆಯವರು ಬರೆದ ಒಂದು ಸಾಲು ಇವತ್ತು ಒಬ್ಬರ ಜೀವ ಉಳಿಸಬಹುದು.

ಸ್ಕ್ಯಾನ್ ಮಾಡಿಸುವಾಗ ಹೊರಗಿನ ಏಜೆನ್ಸಿಗೆ ಕೊಡುವುದಾದರೆ ಲಿಖಿತ ಒಪ್ಪಂದ ಇರಲಿ. ಹಾಳೆಯ ಹಿಂಬದಿಯನ್ನೂ ಸ್ಕ್ಯಾನ್ ಮಾಡಬೇಕು, ಅಲ್ಲಿ ಬರೆದಿದ್ದೇ ಎಷ್ಟೋ ಸಲ ಮುಖ್ಯ. ಮಾಸಿದ ಪೆನ್ಸಿಲ್ ಗೆರೆ ಪರದೆಯ ಮೇಲೆ ಓದಲು ಬರುತ್ತದಾ ಎಂದು ನಿಮ್ಮವರೇ ಒಬ್ಬರು ಫೈಲು ತೆರೆದು ನೋಡಬೇಕು. ಒಂದು ಬ್ಯಾಕಪ್ ಕ್ಲಿನಿಕ್ಕಿನ ಹೊರಗೆ ಇರಲಿ. ಆ ಬ್ಯಾಕಪ್‌ನಿಂದ ಒಂದು ಫೈಲನ್ನು ನಿಜವಾಗಿ ವಾಪಸ್ ತೆಗೆದು ನೋಡಿ. ಇಷ್ಟಾದ ಮೇಲೆ ಕಾಗದದ ಮಾತು.

ಅವಧಿ ಮುಗಿದ ಕಾಗದವನ್ನು ರದ್ದಿಗೆ ಹಾಕಬೇಡಿ. ಉದ್ದುದ್ದ ಪಟ್ಟಿ ಮಾಡುವ ಷ್ರೆಡರ್ ಸಾಲದು, ಪಟ್ಟಿಗಳನ್ನು ಜೋಡಿಸಿ ಓದಬಹುದು. ಅಡ್ಡಡ್ಡವೂ ಕತ್ತರಿಸಿ ಚೂರು ಮಾಡುವಂಥದ್ದು ಬೇಕು. ನಾಶ ಮಾಡಿದ್ದಕ್ಕೆ ಒಂದು ಪುಸ್ತಕ ಇಡಿ: ಫೈಲ್ ನಂಬರ್, ಕೊನೆಯ ಭೇಟಿ, ನಾಶ ಮಾಡಿದ ದಿನ, ವಿಧಾನ, ಎದುರಿಗಿದ್ದವರ ಸಹಿ. ಕಾಯಿಲೆಯ ಹೆಸರು ಅದರಲ್ಲಿ ಬೇಡ.

ಕಾಗದದ ಕಡೆ ಗಮನ ಕೊಟ್ಟವರು ಮಷಿನ್ನುಗಳನ್ನು ಮರೆಯುತ್ತಾರೆ. ಆಫೀಸಿನ ಎಷ್ಟೋ ಜೆರಾಕ್ಸ್ ಮಷಿನ್ನುಗಳೊಳಗೆ ಹಾರ್ಡ್ ಡಿಸ್ಕ್ ಇರುತ್ತದೆ, ಪ್ರತಿ ಮಾಡಿದ ಹಾಳೆಗಳ ಚಿತ್ರ ಅದರಲ್ಲಿ ಉಳಿಯಬಹುದು. 2013ರಲ್ಲಿ ಅಮೆರಿಕದ ಒಂದು ಆರೋಗ್ಯ ವಿಮಾ ಸಂಸ್ಥೆ ಇದೇ ಕಾರಣಕ್ಕೆ 12 ಲಕ್ಷ ಡಾಲರಿಗಿಂತ ಜಾಸ್ತಿ ಕಟ್ಟಬೇಕಾಯಿತು. ಬಾಡಿಗೆಗೆ ತಂದ ಮಷಿನ್ನುಗಳನ್ನು ಡಿಸ್ಕ್ ಅಳಿಸದೆ ವಾಪಸ್ ಕೊಟ್ಟಿದ್ದರು. ಮೂರು ಲಕ್ಷಕ್ಕೂ ಹೆಚ್ಚು ಜನರ ಮಾಹಿತಿ ಅದರಿಂದ ಬಯಲಾಗಿರಬಹುದು ಎಂಬ ಅಂದಾಜಿತ್ತು. ನಿಮ್ಮ ಹಳೇ ಕಂಪ್ಯೂಟರ್, ಸ್ಕ್ಯಾನಿಂಗ್ ಮಷಿನ್, ಪೆನ್‌ಡ್ರೈವ್ ಎಲ್ಲಕ್ಕೂ ಇದೇ ಮಾತು. ಫೈಲ್ ಡಿಲೀಟ್ ಒತ್ತಿದ ಮಾತ್ರಕ್ಕೆ ಅಳಿಯುವುದಿಲ್ಲ.

ಪ್ರಶ್ನೆ: ಒಬ್ಬ ರೋಗಿ ತಮ್ಮ ಇಡೀ ಫೈಲಿನ ಪ್ರತಿ ಕೇಳಿದ್ದಾರೆ. ಅದರಲ್ಲಿ "ಕುಡಿತದ ಅಭ್ಯಾಸ ಇದೆ" ಎಂದು ಬರೆದಿದ್ದನ್ನು ತೆಗೆಯಿರಿ ಎನ್ನುತ್ತಿದ್ದಾರೆ. ವೈಟ್ನರ್ ಹಚ್ಚಬಹುದಾ?

ಉತ್ತರ: ವೈಟ್ನರ್ ಮಾತ್ರ ಬೇಡ. ಪ್ರತಿ ಕೊಡಿ. ಅದು ಅವರ ಹಕ್ಕು. ಭಾರತದ 2002ರ ನಿಯಮದಲ್ಲಿ ಇದಕ್ಕೆ 72 ಗಂಟೆ, ಜಿಡಿಪಿಆರ್‌ನಲ್ಲಿ ಸಾಮಾನ್ಯವಾಗಿ ಒಂದು ತಿಂಗಳು, ಹಿಪಾದಲ್ಲಿ 30 ದಿನ. ಕೇಳಿದ ತಾರೀಕನ್ನು ಬರೆದುಕೊಂಡು ಸ್ವೀಕೃತಿ ಕೊಡಿ. ಗುರುತಿನ ಚೀಟಿ ನೋಡಿ. ಫೈಲಿನಲ್ಲಿ ಬೇರೆಯವರ ಕಾಗದ ತಪ್ಪಿ ಸೇರಿಕೊಂಡಿದೆಯಾ ಎಂದು ಒಂದೊಂದೇ ಹಾಳೆ ತಿರುವಿ. ಒಂದೇ ಹೆಸರಿನ ಇಬ್ಬರು ರೋಗಿಗಳಿದ್ದರೆ ಇದು ತುಂಬಾ ಸುಲಭವಾಗಿ ಆಗಿಬಿಡುತ್ತದೆ.

ತಿದ್ದುವ ವಿಷಯ ಡಾಕ್ಟರ್ ನೋಡಬೇಕು. ಬರೆದಿದ್ದು ನಿಜವಾಗಿಯೂ ತಪ್ಪಾಗಿದ್ದರೆ ಅದರ ಮೇಲೆ ಒಂದೇ ಗೆರೆ ಎಳೆಯಿರಿ, ಕೆಳಗಿನ ಅಕ್ಷರ ಓದಲು ಬರಬೇಕು. ಪಕ್ಕದಲ್ಲಿ ಸರಿಯಾದದ್ದು, ತಾರೀಕು, ಸಹಿ. ಡಾಕ್ಟರಿಗೆ ತಾವು ಬರೆದಿದ್ದೇ ಸರಿ ಅನ್ನಿಸಿದರೆ ಮೂಲ ಹಾಗೇ ಇರಲಿ. ರೋಗಿ ತಮ್ಮ ಮಾತನ್ನು ಬರೆದುಕೊಡಲಿ, ಅದನ್ನು ಆ ಹಾಳೆಯ ಜೊತೆಗೇ ಸೇರಿಸಿ. ಮುಂದೆ ಆ ಪುಟದ ಪ್ರತಿ ಯಾರಿಗೆ ಹೋದರೂ ಎರಡೂ ಒಟ್ಟಿಗೆ ಹೋಗಬೇಕು.

"ಕುಡಿತದ ಅಭ್ಯಾಸ" ಅಂತ ಬರೆಯುವಾಗಲೇ ಸ್ವಲ್ಪ ಯೋಚಿಸಬೇಕಿತ್ತು ಅನ್ನಿಸುತ್ತದೆ, ಅಲ್ವಾ? "ವಾರದಲ್ಲಿ ಎರಡು ದಿನ ಕುಡಿಯುವುದಾಗಿ ಹೇಳಿದರು" ಎಂದಿದ್ದರೆ ರೋಗಿ ಆಡಿದ ಮಾತು ಹಾಗೇ ದಾಖಲಾಗುತ್ತಿತ್ತು, ಚಿಕಿತ್ಸೆಗೂ ಅದೇ ಜಾಸ್ತಿ ಉಪಯೋಗ. ನಿಮ್ಮ ಡಾಕ್ಟರ್ ಜೊತೆ ಈ ಮಾತು ಆಡಿ ನೋಡಿ.